ಪಡಖಾನೆಯಲ್ಲಿ ಪೈಪ್ ಸೇದುವವರ ಹಳೆಯ ಎನ್‌ಗ್ರೇವಿಂಗ್: ಎಷ್ಟು ಹಳೆಯದು?

ಮಸಿಬೊಟ್ಟು:
ಒಂದು ಹಳೆಯ ಎನ್‌ಗ್ರೇವಿಂಗ್, ಅಂದ್ರೆ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಪ್ರಿಂಟ್, ನನ್ನ ಕೈಗೆ ಬಂದಿದೆ. ಫ್ಲೆಮಿಶ್ (ಈಗಿನ ಬೆಲ್ಜಿಯಂ ಕಡೆಯ) ಪಡಖಾನೆಯ ದೃಶ್ಯ. ಪೀಪಾಯಿಯನ್ನೇ ಮೇಜು ಮಾಡಿಕೊಂಡು ರೈತರು ಸುತ್ತ ಕೂತಿದ್ದಾರೆ. ಒಬ್ಬ ಕೆಂಡದ ಬಟ್ಟಲಿಗೆ ಬಗ್ಗಿ ಪೈಪ್ ಹೊತ್ತಿಸಿಕೊಳ್ತಿದ್ದಾನೆ, ಇನ್ನೊಬ್ಬ ತಲೆ ಎತ್ತಿ ಹೊಗೆ ಬಿಡ್ತಿದ್ದಾನೆ. ಕೆಳಗೆ ಎಡಕ್ಕೆ ‘ಡಿ. ಟೆನಿಯರ್ಸ್ ಪಿಂಕ್ಸಿಟ್’, ಬಲಕ್ಕೆ ‘ಜೆ. ಪಿ. ಲೆ ಬಾ ಸ್ಕಲ್ಪ್ಸಿಟ್’ ಅಂತಿದೆ. ಟೆನಿಯರ್ಸ್ 17ನೇ ಶತಮಾನದ ಚಿತ್ರಕಾರ, ಹಾಗಾದ್ರೆ ಪ್ರಿಂಟೂ ಅಷ್ಟೇ ಹಳೆಯದಾ? ಎಲ್ಲರೂ ಎಡಗೈಯಲ್ಲೇ ಪೈಪ್ ಹಿಡಿದಿರೋದು ಯಾಕೆ? ಕಾಗದ ಕಂದಾಗಿದೆ, ಬಿಳಿ ಮಾಡಿಸಬಹುದಾ?

ಹಳೇಕಾಗದ:
ಮೊದಲು ಕೊನೆಯ ಪ್ರಶ್ನೆ. ದಯವಿಟ್ಟು ಬಿಳಿ ಮಾಡಿಸಬೇಡಿ. ಬ್ಲೀಚ್ ಕಾಗದದ ನಾರನ್ನೇ ತಿನ್ನುತ್ತದೆ. ಆ ಕಂದು ಬಣ್ಣದಿಂದ ಚಿತ್ರಕ್ಕೆ ಏನೂ ಕೆಟ್ಟದ್ದಾಗಿಲ್ಲ.

ಇನ್ನು ವಯಸ್ಸು. ಉತ್ತರ ಆ ಎರಡು ಹೆಸರುಗಳಲ್ಲೇ ಇದೆ. ಪಿಂಕ್ಸಿಟ್ ಅಂದ್ರೆ ಬಣ್ಣದಲ್ಲಿ ಬರೆದವನು, ಸ್ಕಲ್ಪ್ಸಿಟ್ ಅಂದ್ರೆ ತಗಡಿನ ಮೇಲೆ ಕೊರೆದವನು. ಕಿರಿಯ ಡೇವಿಡ್ ಟೆನಿಯರ್ಸ್ (ಅಪ್ಪನದೂ ಅದೇ ಹೆಸರು) ಆಂಟ್‌ವರ್ಪ್‌ನಲ್ಲಿ 1610ರಲ್ಲಿ ಹುಟ್ಟಿ 1690ರಲ್ಲಿ ತೀರಿಕೊಂಡ. ಜಾಕ್ ಫಿಲಿಪ್ ಲೆ ಬಾ ಪ್ಯಾರಿಸ್ಸಿನವನು, ಹುಟ್ಟಿದ್ದೇ 1707ರಲ್ಲಿ. ಅಂದ್ರೆ ತಗಡು 18ನೇ ಶತಮಾನದ್ದು. ಆ ಕಾಲದ ಪ್ಯಾರಿಸ್‌ನಲ್ಲಿ ಟೆನಿಯರ್ಸ್ ಅಂದ್ರೆ ಜನಕ್ಕೆ ಬಹಳ ಇಷ್ಟ. ಅವನ ಎಷ್ಟೋ ಚಿತ್ರಗಳನ್ನು ಲೆ ಬಾ ತಾಮ್ರಕ್ಕೆ ಇಳಿಸಿದ. ಚಿತ್ರ ಕೊಳ್ಳೋಕೆ ಆಗದವರ ಮನೆಗೂ ಈ ರೈತರು ಹೋದದ್ದು ಹೀಗೆ.

ಆದ್ರೆ ಒಂದು ತಗಡಿನಿಂದ ಎಷ್ಟೋ ವರ್ಷ ಅಚ್ಚು ತೆಗೀತಿದ್ರು. ಆದ್ದರಿಂದ ಕಾಗದವನ್ನೂ ಕೇಳಬೇಕು. ಬೆಳಕಿಗೆ ಹಿಡಿದು ನೋಡಿ. ಒತ್ತೊತ್ತಾದ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ದೂರದೂರ ಇನ್ನೊಂದಿಷ್ಟು ಗೆರೆಗಳು ಕಂಡ್ರೆ ಕಾಗದ ಹಳೆಯದು ಅನ್ನೋದಕ್ಕೆ ಒಳ್ಳೆಯ ಸೂಚನೆ. ಗೆರೆಯೇ ಇಲ್ಲದಿದ್ರೆ ಜಾಸ್ತಿ ಮಟ್ಟಿಗೆ ಆಮೇಲೆ ತೆಗೆದ ಅಚ್ಚು. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಭೂತಗನ್ನಡಿಯಲ್ಲಿ ಚುಕ್ಕಿ ಚುಕ್ಕಿ ಕಂಡ್ರೆ ಮಾತ್ರ ಅದು ಫೋಟೊ ತೆಗೆದು ಅಚ್ಚು ಹಾಕಿದ ಪ್ರತಿ.

ಎಡಗೈ ವಿಷಯ ಸುಲಭ. ಚಿತ್ರ ಇದ್ದ ಹಾಗೆಯೇ ಕೊರೆದ್ರೆ, ಕಾಗದಕ್ಕೆ ಒತ್ತಿದಾಗ ಎಡ ಬಲ ಅದಲುಬದಲಾಗುತ್ತದೆ.

ಹೊಗೆಗೂಡು:
ಪೈಪಿನ ಬುರುಡೆ, ಅಂದ್ರೆ ತಂಬಾಕು ತುಂಬುವ ಭಾಗ, ನೋಡಿದ್ರಾ? ಎಷ್ಟು ಚಿಕ್ಕದು ಅಲ್ವಾ! 17ನೇ ಶತಮಾನದ ಶುರುವಿನಲ್ಲಿ ತಂಬಾಕು ದುಬಾರಿ, ಅದಕ್ಕೇ ಮಣ್ಣಿನ ಪೈಪಿಗೆ ಅಷ್ಟು ಸಣ್ಣ ಬಾಯಿ. ತಂಬಾಕು ಅಗ್ಗವಾದ ಹಾಗೆ ಬುರುಡೆಯೂ ದೊಡ್ಡದಾಯ್ತು.

ಟೆನಿಯರ್ಸ್ ಇಷ್ಟವಾದ್ರೆ ಚಿತ್ರಕಾರ ಆಡ್ರಿಯಾನ್ ಬ್ರೌವರ್‌ನನ್ನೂ ನೋಡಿ. ಈ ಪಡಖಾನೆಗೆ ಟೆನಿಯರ್ಸ್‌ಗಿಂತ ಮೊದಲು ಬಂದವನು ಅವನೇ. 1636ರ ಹೊತ್ತಿಗೆ ಬರೆದ ಅವನ ‘ಧೂಮಪಾನಿಗಳು’ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ತನ್ನನ್ನೇ ಬರೆದುಕೊಂಡಿದ್ದಾನೆ. 1638ರಲ್ಲಿ, ಮೂವತ್ತು ದಾಟುತ್ತಿದ್ದಂತೆ ತೀರಿಕೊಂಡ. ಅವನ 17 ಚಿತ್ರಗಳು ಆ ಕಾಲದ ಹೆಸರಾಂತ ಚಿತ್ರಕಾರ ರೂಬೆನ್ಸ್ ಹತ್ತಿರ ಇದ್ದವು. ಟೆನಿಯರ್ಸ್‌ನ ರೈತರು ಸಮಾಧಾನದವರು, ನೋಡೋಕೆ ಹಿತ. ಬ್ರೌವರ್‌ನವರು ಹೊಗೆಯನ್ನು ಪುಪ್ಪುಸದ ತಳಕ್ಕೆ ಎಳ್ಕೊಳ್ತಾರೆ, ಕಣ್ಣು ಮೇಲೆ ಹೋಗಿರುತ್ತೆ. ನನ್ನ ಮನಸ್ಸು ಯಾವತ್ತೂ ಬ್ರೌವರ್ ಕಡೆಗೇ.

ಮಸಿಬೊಟ್ಟು:
ಕಿಟಕಿಗೆ ಹಿಡಿದೆ. ಗೆರೆಗಳು ಚೆನ್ನಾಗಿ ಕಾಣ್ತಿವೆ! ತಗ್ಗು ಮೂರು ಕಡೆ ಇದೆ, ಮೇಲ್ಗಡೆ ಅಂಚು ಕತ್ತರಿಸಿದ್ದಾರೆ. ಭೂತಗನ್ನಡಿಯಲ್ಲಿ ಚುಕ್ಕಿ ಇಲ್ಲ. ಹೊಗೆ ಇರೋ ಕಡೆ ಗೆರೆ ತೆಳುವಾಗ್ತಾ ಹೋಗಿ, ಕೊನೆಗೆ ಬರೀ ಕಾಗದ. ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಫ್ರೇಮ್ ಹಾಕಿಸಬಹುದಾ?

ಹಳೇಕಾಗದ:
ಧಾರಾಳವಾಗಿ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಫ್ರೇಮಿನೊಳಗೆ ಚಿತ್ರವನ್ನು ಕೂರಿಸುವ ರಟ್ಟು) ಕೇಳಿ, ಗಾಜು ಕಾಗದಕ್ಕೆ ತಾಗದಿರಲಿ. ಸೆಲ್ಲೊಟೇಪ್ ಬೇಡವೇ ಬೇಡ. ಉಳಿದ ಅಂಚನ್ನು ಫ್ರೇಮಿನ ಅಳತೆಗೆ ಅಂತ ಕತ್ತರಿಸೋಕೆ ಬಿಡಬೇಡಿ. ಬಿಸಿಲು ಬೀಳದ ಗೋಡೆಗೆ ಹಾಕಿ.