ಫೋಟೊ ಪುಸ್ತಕಕ್ಕೆ ಕೌದಿ ಬಟ್ಟೆ, ದಾರ ಸೇರಿಸಿದೆ, ಈಗ ಪುಸ್ತಕ ಮುಚ್ಚುತ್ತಲೇ ಇಲ್ಲ!

ತೊಗರಿಕಾಳು (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಅಜ್ಜಿ ಕೌದಿ ಹೊಲಿಯೋದನ್ನ ಎರಡು ವರ್ಷದಿಂದ ಫೋಟೊ ತೆಗೀತಿದ್ದೇನೆ. 24 ಫೋಟೊ ಆರಿಸಿ ಒಂದೇ ಒಂದು ಪುಸ್ತಕ ಮಾಡಬೇಕು. ಬರೀ ಫೋಟೊ ಅಲ್ಲ. ಕೌದಿಗೆ ಹಾಕಿ ಉಳಿದ ಇಳಕಲ್ ಸೀರೆ ತುಂಡು, ಅಜ್ಜನ ಧೋತರದ ಅಂಚು, ಅಜ್ಜಿಯ ಮಾತನ್ನ ಟ್ರೇಸಿಂಗ್ ಪೇಪರ್ ಮೇಲೆ ಬರೆದು ಫೋಟೊ ಮೇಲೆ ಹೊದಿಸೋದು, ಕೆಲವು ಫೋಟೊಗೆ ನೇರವಾಗಿ ದಾರದಿಂದಲೇ ಹೊಲಿಗೆ ಹಾಕೋದು, ಹೀಗೆಲ್ಲ ತಲೆಯಲ್ಲಿದೆ. ತಲೆಯಲ್ಲಿ ಚೆನ್ನಾಗೇ ಇದೆ.

ಮೊದಲ ಡಮ್ಮಿ (ಪ್ರಯೋಗಕ್ಕೆ ಮಾಡಿದ ಮಾದರಿ ಪುಸ್ತಕ) ಮಾತ್ರ ಕೆಟ್ಟಿತು. ಅಜ್ಜಿ ಕೈ ಇರೋ ಫೋಟೊಗೆ ಕೆಂಪು ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿದ್ದೆ. ನಾಲ್ಕು ಸಲ ತಿರುವಿದ್ದಕ್ಕೇ ಅಂಚೆ ಚೀಟಿ ಹರಿದ ಹಾಗೆ ಸರ್ರನೆ ಹರಿಯಿತು. ಬಟ್ಟೆ ಅಂಟಿಸಿದ ಪುಟ ಹಪ್ಪಳದ ಹಾಗೆ ಏಳುತ್ತೆ. ಪುಸ್ತಕ ಬಾಯಿ ತೆರೆದುಕೊಂಡೇ ಕೂತಿದೆ. ಏನು ಮಾಡಲಿ?

ದಬ್ಬಣ (ಬೀದರ್)

ತೂತು ಒತ್ತೊತ್ತಾಗಿದ್ರೆ ಹರಿಯದೇ ಇನ್ನೇನು? ಹೊಳಪಿನ ಫೋಟೊ ಪೇಪರ್ ಬಿಡಿ, ಮ್ಯಾಟ್ ಕಾಟನ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ. ಹಿಂದೆ ತೆಳು ಹತ್ತಿ ಬಟ್ಟೆ ಅಂಟಿಸಿ ಒಣಗಿಸಿ. ಆಮೇಲೆ ಥರ್ಮೋಕೋಲ್ ಮೇಲಿಟ್ಟು ಸಣ್ಣ ಸೂಜಿಯಿಂದ 6-7 ಮಿ.ಮೀ. ಅಂತರದಲ್ಲಿ ತೂತು ಮಾಡಿಕೊಂಡು ಹೊಲಿಯಿರಿ. ಅಂಟು ನೀರು ನೀರಾಗಿರಬಾರದು, ತೆಳ್ಳಗೆ ಸವರಿ, ಮೇಲೆ ಕೆಳಗೆ ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ಭಾರ ಹೇರಿ. ಕಾಗದದ ಎಳೆ, ಅಂದ್ರೆ ಅದರ ನಾರಿನ ದಿಕ್ಕು, ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಲಿ. ಎರಡೂ ಕಡೆ ಬಗ್ಗಿಸಿ ನೋಡಿ, ಸಲೀಸಾಗಿ ಬಗ್ಗೋ ಮಡಿಕೆಯ ದಿಕ್ಕೇ ಎಳೆ.

ನಾನು ಬಿದ್ರಿ ಕೆಲಸದ ಮೇಲೆ ಒಂದು ಪುಸ್ತಕ ಮಾಡಿದ್ದೆ. ಬೆಳ್ಳಿ ಕೂರಿಸೋ ಮುಂಚೆ, ಬರೀ ಕೊರೆದಿರೋ ತಟ್ಟೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದೆ. ಫೋಟೊದಲ್ಲಿ ಬರೀ ಗೀಟಿನ ಹಾಗೆ ಕಂಡದ್ದು ಇದರಲ್ಲಿ ಉಳಿ ಎಲ್ಲಿ ಒತ್ತಿದೆ, ಎಲ್ಲಿ ಜಾರಿದೆ ಅಂತ ಗೊತ್ತಾಗೋ ಹಾಗೆ ಬಂತು. ಒಂದೇ ತಪ್ಪು ಮಾಡಿದೆ. ಪೆನ್ಸಿಲ್ ಪುಡಿ ಎದುರಿನ ಫೋಟೊಗೆಲ್ಲ ಮೆತ್ತಿಕೊಂಡಿತು. ನಡುವೆ ಒಂದು ತೆಳು ಹಾಳೆ ಹಾಕಿದ್ರೆ ಮುಗೀತಿತ್ತು.

ಬಿಸಿಲೂರು (ಯಾದಗಿರಿ)

ಬಟ್ಟೆ ಅಂಟಿಸೋದ್ಯಾಕೆ, ಫೋಟೊವನ್ನೇ ಧೋತರದ ಮೇಲೆ ಇಳಿಸಿ! ಸಯನೋಟೈಪ್ ಅಂತಾರೆ, ಬಿಸಿಲಲ್ಲಿ ನೀಲಿ ಬಣ್ಣದ ಫೋಟೊ ಅಚ್ಚು ಮೂಡಿಸೋ ವಿಧಾನ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು, ಮರುವರ್ಷವೇ ಆನಾ ಅಟ್ಕಿನ್ಸ್ ಅನ್ನೋ ಹೆಣ್ಣುಮಗಳು ಪಾಚಿಗಳ ಪುಸ್ತಕ ಇದೇ ನೀಲಿ ಅಚ್ಚಲ್ಲಿ ಶುರು ಮಾಡಿದಳು. ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿ.ಲೀ. ನೀರಿಗೆ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದು 100 ಮಿ.ಲೀ.ಗೆ 10 ಗ್ರಾಂ. ಎರಡನ್ನೂ ಸಮ ಬೆರೆಸಿ ಮಂದ ಬೆಳಕಲ್ಲಿ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಶೀಟ್ (ಫೋಟೊದ ಕಪ್ಪು-ಬಿಳುಪು ಅದಲುಬದಲಾದ ಪಾರದರ್ಶಕ ಹಾಳೆ) ಇಟ್ಟು ಬಿಸಿಲಿಗಿಡಿ. ಕೈಗವಸು ಹಾಕಿಕೊಳ್ಳಿ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ವಲ್ಲ! ಬರೀ ನೀರಲ್ಲಿ ತೊಳೀರಿ. ನಾನು ಸೋಡಾ ಹಾಕಿ ಒಗೆದು ನೀಲಿಯೆಲ್ಲ ಕಳಕೊಂಡೆ.

ಗಂಜ್ ಹುಡುಗ (ಕಲಬುರಗಿ)

ಪುಸ್ತಕದ ಬಾಯಿ ಮುಚ್ಚೋಕೆ ಅದರ ಬೆನ್ನು ದಪ್ಪ ಮಾಡಬೇಕು ಅಕ್ಕಾ. ಎರಡೆರಡು ಪುಟದ ನಡುವೆ ಬೆನ್ನಿನ ಹತ್ತಿರ ಒಂದು ಬೆರಳಗಲದ ಕಾಗದದ ಪಟ್ಟಿ ಸೇರಿಸಿ ಹೊಲಿದ್ರೆ ಬಟ್ಟೆಯ ದಪ್ಪಕ್ಕೆ ಜಾಗ ಸಿಗುತ್ತೆ. ಡಿಜಿಟಲ್ ಪ್ರೆಸ್‌ಗೆ ಹೋದ್ರೆ ಇದು ಅರ್ಥ ಆಗಲ್ಲ. ಅಡತಿ ಅಂಗಡಿಯವರಿಗೆ ಕೆಂಪು ಬಟ್ಟೆಯ ಲೆಕ್ಕದ ವಹಿ ಕಟ್ಟೋರ ಹತ್ರ ಹೋಗಿ ಕೂತ್ಕೊಳ್ಳಿ.

ತೊಗರಿಕಾಳು (ಕಲಬುರಗಿ)

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಒಂದು ಪುಟ ಮತ್ತೆ ಹೊಲಿದೆ, ಹರಿದಿಲ್ಲ. ಅಜ್ಜಿಗೆ ತೋರಿಸಿದೆ. ಮುಂಭಾಗದ ಫೋಟೊ ಸರಿಯಾಗಿ ನೋಡಲೂ ಇಲ್ಲ, ಹಿಂದೆ ತಿರುಗಿಸಿ ಗಂಟು ನೋಡಿ "ಇದೇನೇ, ಇಷ್ಟು ಗಂಟು?" ಅಂದಳು. ಈಗ ಹಿಂಭಾಗ ಮುಚ್ಚೋಕೆ ಮನಸ್ಸೇ ಬರ್ತಿಲ್ಲ. ಹೊಲಿದ ಪುಟಗಳನ್ನಷ್ಟೇ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳೋ ಹಾಗೆ ಮಾಡಿ, ಎರಡೂ ಕಡೆ ಕಾಣಿಸಿದ್ರೆ ಹೇಗೆ? ಹಾಗಾದ್ರೆ ಹಿಂದಿನ ಬಟ್ಟೆಯೂ ಧೋತರದ್ದೇ ಆಗಬೇಕು, ಅಲ್ವಾ?