ಬಾಣ, ರಾಕೆಟ್, ಕ್ಷಿಪಣಿ: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ರಾಕೆಟ್ಟಿನ ಇತಿಹಾಸದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಪದಗಳ ವಿಷಯದಲ್ಲಿ ಎರಡು ಕಡೆ ಸಿಕ್ಕಿಕೊಂಡಿದ್ದೇನೆ, ಬಲ್ಲವರು ದಯವಿಟ್ಟು ಹೇಳಿ.

ಮೊದಲನೆಯದು ಹೈದರಾಲಿ, ಟಿಪ್ಪು ಕಾಲದ್ದು. 1780ರ ಪೊಳ್ಳಿಲೂರು ಕಾಳಗದಲ್ಲಿ ಬ್ರಿಟಿಷರ ಮದ್ದಿನ ಗಾಡಿಗಳಿಗೆ ಬೆಂಕಿ ಹಚ್ಚಿತು ಅಂತ ಹೇಳುವ ಆ ಆಯುಧವನ್ನು ಏನೆಂದು ಕರೆಯೋಣ? ಒಂದು ಕಡೆ ರಾಕೆಟ್ ಅಂತಿದೆ, ಇನ್ನೊಂದು ಕಡೆ ಕ್ಷಿಪಣಿ, ಮತ್ತೊಂದು ಕಡೆ ಅಗ್ನಿಬಾಣ. ನನ್ನ ಒಲವು ಸುಮ್ನೆ 'ಬಾಣ' ಅನ್ನುವ ಕಡೆಗಿದೆ. ಮೊಘಲರ, ಮರಾಠರ ಸೇನೆಗಳಲ್ಲೂ ಇದರ ಹೆಸರು ಬಾನ್, ಬಾಣ ಅಂತಲೇ ಇತ್ತು. ನಮ್ಮಲ್ಲಿ 'ಬಾಣಬಿರುಸು' ಅನ್ನುವ ಜೋಡುಪದ ಇವತ್ತಿಗೂ ಬಳಕೆಯಲ್ಲಿದೆ, ಜಾತ್ರೆ ತೇರಿನ ಸುದ್ದಿಯಲ್ಲಿ ಓದುತ್ತಲೇ ಇರುತ್ತೇವೆ. ಆ ಬಾಣ ಬಿಲ್ಲಿನದಲ್ಲ, ಮದ್ದಿನದು. ಹಾಗಿರುವಾಗ ಮುಂದೆ 'ಅಗ್ನಿ' ಯಾಕೆ ಬೇಕು? ಪುರಾಣದ ಅಸ್ತ್ರದ ನೆನಪು ಬಂದು ಮಕ್ಕಳಿಗೆ ಇದು ಕಟ್ಟುಕತೆ ಅನ್ನಿಸಿಬಿಡುತ್ತದೆ.

ಕ್ಷಿಪಣಿ ಅನ್ನುವುದಂತೂ ಸರಿಯೇ ಅಲ್ಲ. ಆ ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಗೇಣುದ್ದದ ಕಬ್ಬಿಣದ ಕೊಳವೆ, ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಕಿಂಡಿ. ಒಳಗೆ ಮದ್ದು ಗಿಡಿದು ತುಂಬಿ, ಕೊಳವೆಯನ್ನು ಉದ್ದನೆಯ ಬಿದಿರ ಗಳಕ್ಕೆ, ಕೆಲವೊಮ್ಮೆ ಕತ್ತಿಯ ಅಲಗಿಗೇ, ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಗಳ ಇದ್ದರೆ ಮಾತ್ರ ಅದು ನೆಟ್ಟಗೆ ಹೋಗುತ್ತಿತ್ತು. ಕಾಗದ ಅಥವಾ ಬಿದಿರಿನ ಕೊಳವೆ ಆ ಒತ್ತಡಕ್ಕೆ ಸಿಡಿದುಹೋಗುತ್ತದೆ, ಕಬ್ಬಿಣ ತಡೆದುಕೊಳ್ಳುತ್ತದೆ, ಅದಕ್ಕೇ ಮೈಸೂರಿನದು ಒಂದು ಕಿಲೋಮೀಟರಿಗೂ ಜಾಸ್ತಿ ದೂರ ಹೋಗುತ್ತಿತ್ತು. ಆದರೆ ಒಮ್ಮೆ ಬಿಟ್ಟ ಮೇಲೆ ಅದರ ದಾರಿ ತಿದ್ದುವ ಉಪಾಯ ಯಾವುದೂ ಇರಲಿಲ್ಲ. ಇವತ್ತು ಕ್ಷಿಪಣಿ ಅಂದರೆ ಓದುಗರ ಮನಸ್ಸಿಗೆ ಬರುವುದು ಗುರಿ ಹುಡುಕಿಕೊಂಡು ಹೋಗುವ ಆಯುಧ, ಅಲ್ವಾ?

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಕೊಳವೆಗಳು ಸಾವಿರದಷ್ಟು ಸಿಕ್ಕವು. ಆ ಸೀಮೆಯವರು ಯಾರಾದರೂ ಇಲ್ಲಿದ್ದರೆ, ಹಳಬರ ಮಾತಿನಲ್ಲಿ ಅವಕ್ಕೆ ಬೇರೆ ಹೆಸರಿದೆಯಾ ತಿಳಿಸಿ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರೂ ಈ ಬಾಣಗಳಿಂದಲೇ ಬಂತು ಅನ್ನುತ್ತಾರೆ. ಈಗ ತಾರಾಮಂಡಲ ಅಂದರೆ ಪ್ಲಾನೆಟೋರಿಯಂ ಆಗಿಬಿಟ್ಟಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರ ಸೇರಿದವು, ಅಲ್ಲಿನ ವಿಲಿಯಂ ಕಾಂಗ್ರೀವ್ ಅದೇ ಜಾಡಿನಲ್ಲಿ ತನ್ನದನ್ನು ಮಾಡಿದ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಸುರಿದವು. ಇಲ್ಲಿಂದ ಮುಂದೆ 'ರಾಕೆಟ್' ಅಂತಲೇ ಬರೆಯಬೇಕೆಂದಿದ್ದೇನೆ.

ಇದರಲ್ಲೇ ಇನ್ನೊಂದು ತೊಡಕು. ರಷ್ಯಾದ ಆರ್-7 ಅನ್ನು 1957ರ ಆಗಸ್ಟಿನಲ್ಲಿ ಹಾರಿಸಿದಾಗ ಅದು ಖಂಡಾಂತರ ಕ್ಷಿಪಣಿ. ಅದನ್ನೇ ಕೊಂಚ ಮಾರ್ಪಡಿಸಿ ಅಕ್ಟೋಬರ್ 4ರಂದು ಸ್ಪುಟ್ನಿಕ್ ಉಪಗ್ರಹ ಹೊರಿಸಿ ಕಳಿಸಿದಾಗ ಉಡಾವಣಾ ವಾಹನ! ಎರಡು ಪದ ನೋಡಿದ ಮಕ್ಕಳು ಎರಡು ಬೇರೆ ಬೇರೆ ಯಂತ್ರ ಅಂದುಕೊಳ್ಳುತ್ತಾರೆ. ಯಂತ್ರಕ್ಕೆ ಎಲ್ಲ ಕಡೆ ರಾಕೆಟ್ ಅಂತ ಇಟ್ಟು, ಸಿಡಿತಲೆ ಹೊತ್ತು ಗುರಿಯತ್ತ ಹೊರಟಾಗ ಮಾತ್ರ ಕ್ಷಿಪಣಿ ಅನ್ನುವುದು ನನಗೆ ಒಪ್ಪುತ್ತದೆ. ಜರ್ಮನಿಯ ವಿ-2 ಬಗ್ಗೆಯೂ ಹಾಗೇ. 1944ರಲ್ಲಿ ಲಂಡನ್ ಮೇಲೆ ಬಿದ್ದದ್ದು ಕ್ಷಿಪಣಿ, ಯುದ್ಧ ಮುಗಿದ ಮೇಲೆ ಅಮೆರಿಕದವರು ಉಪಕರಣ ಇಟ್ಟು ಮೇಲಕ್ಕೆ ಕಳಿಸಿದ್ದು ರಾಕೆಟ್.

ಎರಡನೆಯ ಪ್ರಶ್ನೆ 'ಇಂಧನ'ದ ಬಗ್ಗೆ. ವಿ-2ರೊಳಗೆ ಆಲ್ಕೋಹಾಲ್ ಮತ್ತು ದ್ರವ ಆಮ್ಲಜನಕ ಎರಡೂ ಇದ್ದವು. ಉರಿಯುವುದು ಆಲ್ಕೋಹಾಲ್, ಉರಿಸುವುದು ಆಮ್ಲಜನಕ. ನಮ್ಮ ಬರಹಗಳಲ್ಲಿ ಎರಡನ್ನೂ ಸೇರಿಸಿ ಇಂಧನ ಅಂದುಬಿಡುತ್ತೇವೆ. ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಉರಿಯುತ್ತದೆ ಅಂತ ಮಕ್ಕಳು ಕೇಳುವುದು ಇದರಿಂದಲೇ. ಹಳೆಯ 'ಮದ್ದು' ಪದದಲ್ಲಿ ಈ ತೊಂದರೆ ಇಲ್ಲ. ಇದ್ದಿಲು, ಗಂಧಕ ಉರಿಯುತ್ತವೆ, ಅದಕ್ಕೆ ಬೇಕಾದ ಆಮ್ಲಜನಕ ಪೆಟ್ಲುಪ್ಪಿನಿಂದ ಬರುತ್ತದೆ, ಮೂರೂ ಸೇರಿದ್ದೇ ಮದ್ದು. ಎರಡೂ ಸೇರಿದ್ದಕ್ಕೆ 'ನೋದಕ' (ಪ್ರೊಪೆಲೆಂಟ್) ಅನ್ನುವ ಪದವನ್ನೂ ನೋಡಿದ್ದೇನೆ, ಆದರೆ ಮಕ್ಕಳ ಬಾಯಿಗೆ ಅದು ಹತ್ತುವುದಿಲ್ಲ. ಗಟ್ಟಿ ಮದ್ದು, ದ್ರವ ಮದ್ದು ಅಂತ ಬರೆದರೆ ವಿಜ್ಞಾನ ಮೇಷ್ಟರುಗಳು ಒಪ್ಪುತ್ತಾರಾ? ಪಾಠ ಮಾಡುವವರು ಯಾರಾದರೂ ಹೇಳಿದರೆ ಉಪಕಾರ.