ಓಎಸ್.ಆಕ್ಸೆಸ್ ಟ್ರೂ ಅನ್ನುತ್ತದೆ, ಆದರೂ ಫೈಲ್ ಸೇವ್ ಆಗುವುದಿಲ್ಲ

ಬೆಲ್ಲದಚ್ಚು:
ಉಬುಂಟುವಿನಲ್ಲಿ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ. ಸೆಟ್ಟಿಂಗ್ಸ್ ಫೈಲ್ ಓದಿ, ಬದಲಿಸಿ, ಮತ್ತೆ ಉಳಿಸಬೇಕು, ಅಷ್ಟೇ. ಉಳಿಸುವ ಮುಂಚೆ ಓಎಸ್.ಆಕ್ಸೆಸ್ ಕರೆದು ಬರೆಯುವ ಪರ್ಮಿಷನ್ ಇದೆಯಾ ಅಂತ ನೋಡುತ್ತೇನೆ. ಟ್ರೂ ಬರುತ್ತದೆ. ಸೇವ್ ಮಾಡಲು ಹೋದರೆ 'ಪರ್ಮಿಷನ್ ಡಿನೈಡ್'. ಫೈಲ್ ಮೋಡ್ 664 (ಓನರ್ ಮತ್ತು ಗ್ರೂಪ್ ಓದಬಹುದು, ಬರೆಯಬಹುದು; ಉಳಿದವರು ಓದಬಹುದು ಅಷ್ಟೇ), ನಾನು ಅದೇ ಗ್ರೂಪಿನಲ್ಲಿದ್ದೇನೆ. ಸುಡೋ ಹಾಕಿದರೆ, ಅಂದರೆ ರೂಟ್ (ಅಡ್ಮಿನ್) ಆಗಿ ಓಡಿಸಿದರೆ, ಸರಿಯಾಗಿ ಓಡುತ್ತದೆ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ.

ಹಳೇ_ಟರ್ಮಿನಲ್:
ಎರರ್‌ನಲ್ಲಿ ಯಾವ ಫೈಲಿನ ಹೆಸರಿದೆ? ಪೂರ್ತಿ ಸಾಲು ನೋಡಿ. ಸುಡೋ ಲೆಕ್ಕಕ್ಕಿಲ್ಲ, ಓದು-ಬರಹದ ಬಿಟ್‌ಗಳು ರೂಟ್‌ಗೆ ಅಡ್ಡ ಬರುವುದಿಲ್ಲ.

ಬೆಲ್ಲದಚ್ಚು:
ಅಯ್ಯೋ, ಗಮನಿಸಿರಲೇ ಇಲ್ಲ. ಹೆಸರಿನ ಕೊನೆಗೆ .ಟಿಎಂಪಿ ಇದೆ. ನಡುವೆ ಕರೆಂಟ್ ಹೋಗಿ ಫೈಲ್ ಅರ್ಧಂಬರ್ಧ ಆಗಬಾರದು ಅಂತ ಅದೇ ಫೋಲ್ಡರಿನಲ್ಲಿ ಟೆಂಪ್ ಫೈಲಿಗೆ ಬರೆದು, ಆಮೇಲೆ ರೀನೇಮ್ ಮಾಡುತ್ತೇನೆ.

ಹಳೇ_ಟರ್ಮಿನಲ್:
ಸಿಕ್ಕಿತು ನೋಡಿ. ಹೊಸ ಫೈಲ್ ಹುಟ್ಟಿಸಲು, ರೀನೇಮ್ ಮಾಡಲು, ಅಳಿಸಲು ಬೇಕಾದದ್ದು ಫೋಲ್ಡರಿನ ಪರ್ಮಿಷನ್, ಫೈಲಿನದ್ದಲ್ಲ. ಎಲ್ಎಸ್ -ಎಲ್‌ಡಿ ಕೊಟ್ಟು ನೋಡಿ, ಬಹುಶಃ ಫೋಲ್ಡರ್ 755, ಓನರ್ ರೂಟ್, ಅಂದರೆ ಅದರಲ್ಲಿ ಬರೆಯುವ ಹಕ್ಕು ರೂಟ್‌ಗೆ ಮಾತ್ರ. ನೀವು ಕೇಳಿದ ಪ್ರಶ್ನೆಯೇ ಬೇರೆ, ಮಾಡಿದ ಕೆಲಸವೇ ಬೇರೆ.

ಸೀಬೇಮರ:
ನನ್ನ ಕೇಳಿದರೆ ಆ ಚೆಕ್ಕನ್ನೇ ಕಿತ್ತುಹಾಕಿ. ನೇರ ಓಪನ್ ಮಾಡಿ, ಪರ್ಮಿಷನ್‌ಎರರ್ ಬಂದರೆ ಹಿಡಿದು ಯೂಸರ್‌ಗೆ ಹೇಳಿ. ಚೆಕ್ಕಿಗೂ ಓಪನ್ನಿಗೂ ನಡುವೆ ಒಂದು ಸಂದು ಇರುತ್ತದೆ, ಅಷ್ಟರಲ್ಲಿ ಯಾರಾದರೂ ಆ ಫೈಲ್ ತೆಗೆದು ಅದೇ ಹೆಸರಲ್ಲಿ ಪಾಸ್‌ವರ್ಡ್ ಫೈಲಿಗೆ ಸಿಮ್‌ಲಿಂಕ್ (ಬೇರೆ ಫೈಲಿಗೆ ಕರೆದೊಯ್ಯುವ ಕೊಂಡಿ) ಇಟ್ಟರು ಅಂದುಕೊಳ್ಳಿ, ನಿಮ್ಮದು ಸೆಟ್‌ಯುಐಡಿ ಪ್ರೋಗ್ರಾಂ (ಯಾರು ಓಡಿಸಿದರೂ ಅದರ ಓನರ್‌ನ ಅಧಿಕಾರದಲ್ಲಿ ಓಡುವಂಥದ್ದು) ಆಗಿದ್ದರೆ ಕಥೆ ಮುಗಿಯಿತು. ಆಕ್ಸೆಸ್ ಅನ್ನೋದನ್ನು ಹುಟ್ಟುಹಾಕಿದ್ದೇ ಅಂಥ ಪ್ರೋಗ್ರಾಂಗಳಿಗೆ. ಪ್ರೋಗ್ರಾಂ ರೂಟ್ ಆಗಿ ಓಡುತ್ತಿದ್ದರೂ ಅದು ಓಡಿಸಿದವನ ರಿಯಲ್ ಯುಐಡಿ (ಯೂಸರ್ ಸಂಖ್ಯೆ) ನೋಡುತ್ತದೆ, ಓಪನ್ ನೋಡುವುದು ಎಫೆಕ್ಟಿವ್ ಯುಐಡಿ, ಅಂದರೆ ಪ್ರೋಗ್ರಾಂ ಯಾರ ಅಧಿಕಾರದಲ್ಲಿ ಓಡುತ್ತಿದೆಯೋ ಅವರದ್ದು. ತಮಾಷೆ ಅಂದರೆ ಅಪಾಯ ಜಾಸ್ತಿ ಇರುವುದೂ ಅಲ್ಲೇ! ವಿಂಡೋಸ್‌ನಲ್ಲಂತೂ ಬರೆಯಬಹುದಾ ಅಂತ ಕೇಳಿದರೆ ಓಎಸ್.ಆಕ್ಸೆಸ್ ರೀಡ್‌ಓನ್ಲಿ ಗುರುತು ಮಾತ್ರ ನೋಡುತ್ತದೆ, ಎಸಿಎಲ್ (ಯಾರಿಗೆ ಯಾವ ಪರ್ಮಿಷನ್ ಅನ್ನುವ ಪಟ್ಟಿ) ಕಡೆ ತಿರುಗಿಯೂ ನೋಡುವುದಿಲ್ಲ. ಸುಮ್ನೆ ಯಾಕೆ ಅದನ್ನು ನಂಬೋದು?

ಬೆಲ್ಲದಚ್ಚು:
755, ರೂಟ್, ಹೇಳಿದ ಹಾಗೇ ಇತ್ತು. ಫೋಲ್ಡರಿನ ಗ್ರೂಪ್ ಬದಲಿಸಿ 2775 (ಗ್ರೂಪಿಗೂ ಬರೆಯುವ ಹಕ್ಕು, ಒಳಗೆ ಹುಟ್ಟುವ ಫೈಲುಗಳಿಗೂ ಅದೇ ಗ್ರೂಪ್) ಕೊಟ್ಟೆ, ಚೆಕ್ ಸಾಲೂ ತೆಗೆದೆ, ಸೇವ್ ಆಗುತ್ತಿದೆ. ಆದರೆ ಈಗ ಆ ಫೈಲ್ ನನಗೆ ಮಾತ್ರ ತೆರೆಯುತ್ತದೆ, ಗ್ರೂಪಿನ ಉಳಿದವರಿಗೆ ಇಲ್ಲ!

ಹಳೇ_ಟರ್ಮಿನಲ್:
ಟೆಂಪ್‌ಫೈಲ್ ಮಾಡ್ಯೂಲ್ ಬಳಸಿದ್ದೀರಿ ಅಲ್ವಾ? ಅದು ಫೈಲನ್ನು 600ರಲ್ಲೇ (ಓನರ್‌ಗೆ ಮಾತ್ರ ಓದು-ಬರಹ) ಹುಟ್ಟಿಸುತ್ತದೆ. ರೀನೇಮ್ ಮಾಡುವ ಮುಂಚೆ ಶಟಿಲ್.ಕಾಪಿಮೋಡ್ ಕರೆದು ಹಳೇ ಫೈಲಿನ ಮೋಡ್ ಇದಕ್ಕೆ ಹಾಕಿ. ಈಗ ಇರುವ ಫೈಲಿಗೆ ಮಾತ್ರ ಒಂದು ಸಲ ಕೈಯಾರೆ 664 ಕೊಡಬೇಕು, ಇಲ್ಲದಿದ್ದರೆ ಆ 600 ಅನ್ನೇ ಕಾಪಿ ಮಾಡುತ್ತಾ ಕೂರುತ್ತೀರಿ.